‘ಮಿಸ್‌ಫೈರ್’ ಎಂಬ ಪದ, ಪಿಸ್ತೂಲಿನ ಸೇಫ್ಟಿ

ಹೈದರಾಬಾದಿನ ತೆಲುಗು ಪತ್ರಿಕೆಗಳಲ್ಲೂ ನಮ್ಮ ಕನ್ನಡ ಪತ್ರಿಕೆಗಳಲ್ಲೂ ಆಗಾಗ ಒಂದೇ ಬಗೆಯ ಸುದ್ದಿ ಬರುತ್ತದೆ: ಬಂದೂಕು ಶುಚಿ ಮಾಡುವಾಗ ‘ಮಿಸ್‌ಫೈರ್’ ಆಗಿ ಪೊಲೀಸ್ ಪೇದೆಗೆ ಗಾಯ. ಪದದ ಮೂಲ ಅರ್ಥ ಇದಕ್ಕೆ ತದ್ವಿರುದ್ಧ. ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ಅದು ಮಿಸ್‌ಫೈರ್. ಹಾರಬಾರದ ಹೊತ್ತಿನಲ್ಲಿ ಹಾರಿದ್ದಕ್ಕೂ ಅದೇ ಪದ ಬಳಸಿದರೆ ತಪ್ಪೆಲ್ಲ ಬಂದೂಕಿನದಾಗಿ, ಅದನ್ನು ಹಿಡಿದಿದ್ದ ಕೈ ವಾಕ್ಯದಿಂದಲೇ ಮಾಯವಾಗುತ್ತದೆ. ಆ ಕೈಯನ್ನು ಎಷ್ಟು ನಂಬಬಹುದು? ಪಿಸ್ತೂಲಿನ ಸೇಫ್ಟಿಯ ಚರಿತ್ರೆ ಎಂದರೆ ಈ ಪ್ರಶ್ನೆಗೆ ಸಿಕ್ಕ ಬೇರೆ ಬೇರೆ ಉತ್ತರಗಳು.

ಬ್ರಿಟಿಷರ ಕಾಲದ ಅಧಿಕಾರಿಗಳ ಸೊಂಟದಲ್ಲಿದ್ದ ವೆಬ್ಲಿ ರಿವಾಲ್ವರಿಗೆ ಸಾಮಾನ್ಯವಾಗಿ ಸೇಫ್ಟಿ ಇರಲಿಲ್ಲ. ಅದರ ಟ್ರಿಗರನ್ನು ದೂರದವರೆಗೆ, ಬಲವಾಗಿ ಎಳೆಯಬೇಕು. ಆ ಭಾರವೇ ಕಾವಲು. ಸಿಂಗಪುರದ ಪೊಲೀಸರಿಗೆ ಮಾತ್ರ ಸೇಫ್ಟಿ ಇರುವ ವೆಬ್ಲಿಗಳನ್ನು ಕೊಟ್ಟಿದ್ದರು. ರಿವಾಲ್ವರಿನಲ್ಲಿ ಅದು ಅಪರೂಪ.

ಸ್ವಯಂಚಾಲಿತವಾಗಿ ಗುಂಡು ತುಂಬಿಕೊಳ್ಳುವ ಪಿಸ್ತೂಲು ಈ ಲೆಕ್ಕವನ್ನು ಬದಲಿಸಿತು. ಒಂದು ಗುಂಡು ಹಾರುತ್ತಲೇ ಮುಂದಿನದು ಸಿದ್ಧ, ಹ್ಯಾಮರ್ ಹಿಂದಕ್ಕೆ, ಟ್ರಿಗರ್ ಹಗುರ. ಜಾನ್ ಬ್ರೌನಿಂಗ್ ಅಮೆರಿಕದ ಸೇನೆಗೆ 1910ರಲ್ಲಿ ತೋರಿಸಿದ ಮಾದರಿಯಲ್ಲಿ ಹಿಡಿಯನ್ನು ಒತ್ತಿ ಹಿಡಿದರಷ್ಟೇ ಗುಂಡು ಹಾರುವ ವ್ಯವಸ್ಥೆ ಇತ್ತು. ಅಶ್ವದಳಕ್ಕೆ ಅದು ಸಾಲಲಿಲ್ಲ. ಒಂದು ಕೈಯಲ್ಲಿ ಲಗಾಮು ಹಿಡಿದ ಸವಾರ, ಗುಂಡು ತುಂಬಿದ ಪಿಸ್ತೂಲನ್ನು ಇನ್ನೊಂದೇ ಕೈಯಿಂದ ಸುರಕ್ಷಿತವಾಗಿ ಚೀಲಕ್ಕೆ ಸೇರಿಸಬೇಕಲ್ಲ! 1911ರಲ್ಲಿ ಸೇನೆ ಒಪ್ಪಿದ ಮಾದರಿಯಲ್ಲಿ ಹೆಬ್ಬೆರಳಿನ ಸೇಫ್ಟಿ ಬಂತು.

ಬ್ರೌನಿಂಗ್ ಆರಂಭಿಸಿ, ಅವರ ಮರಣಾನಂತರ ಬೆಲ್ಜಿಯಂನ ಸೇವ್ ಪೂರ್ಣಗೊಳಿಸಿದ ‘ಹೈ ಪವರ್’ 1935ರದು. ನಮ್ಮ ಈಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾದ 9 ಎಂಎಂ ಪಿಸ್ತೂಲಿನ ಮೂಲ ಅದೇ. ಹೆಬ್ಬೆರಳಿನ ಸೇಫ್ಟಿಯ ಜೊತೆಗೆ ಹೈ ಪವರ್‌ನಲ್ಲಿ ಇನ್ನೊಂದು ತಡೆ ಇತ್ತು: ಮ್ಯಾಗಜಿನ್ ತೆಗೆದರೆ, ಚೇಂಬರಿನಲ್ಲಿ ಗುಂಡು ಉಳಿದಿದ್ದರೂ ಟ್ರಿಗರ್ ಕೆಲಸ ಮಾಡದು.

1982ರಲ್ಲಿ ಆಸ್ಟ್ರಿಯಾದ ಸೇನೆ ಆರಿಸಿದ ಗ್ಲಾಕ್ 17 ಹೆಬ್ಬೆರಳಿನ ಕೆಲಸವನ್ನೇ ತೆಗೆದುಹಾಕಿತು. ಅದರ ಮೂರು ತಡೆಗಳಲ್ಲಿ ಒಂದು ಟ್ರಿಗರಿನ ಮೇಲೆಯೇ ಇದೆ, ಉಳಿದೆರಡು ಒಳಗಿನವು. ಟ್ರಿಗರ್ ಎಳೆದಾಗ ತಾವಾಗಿ ಸರಿಯುತ್ತವೆ. ಕೆಳಗೆ ಬಿದ್ದರೆ ಹಾರುವುದಿಲ್ಲ, ಗಾಬರಿಯಲ್ಲಿ ಸೇಫ್ಟಿ ಸರಿಸಲು ಮರೆತೆ ಎನ್ನುವ ಪ್ರಶ್ನೆಯೂ ಇಲ್ಲ. ಈಗ ಭಾರತದಲ್ಲೂ ಎನ್‌ಎಸ್‌ಜಿಯಂಥ ಪಡೆಗಳು ಅದನ್ನು ಬಳಸುತ್ತವೆ. ಆದರೆ ಶುಚಿ ಮಾಡಲು ಗ್ಲಾಕನ್ನು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಎಳೆಯಬೇಕು. ಮ್ಯಾಗಜಿನ್ ತೆಗೆದು, ಚೇಂಬರ್ ನೋಡದೆ ಎಳೆದವನಿಗೆ ಅಲ್ಲಿ ಯಾವ ತಡೆಯೂ ಇಲ್ಲ.

ಹಾಗಾದರೆ ಯಾವುದು ಮೇಲು? ಸೇಫ್ಟಿ ಇರುವ ಪಿಸ್ತೂಲು ಕೊಟ್ಟರೆ, ಹೊರತೆಗೆಯುತ್ತಲೇ ಅದನ್ನು ಸರಿಸುವ ರೂಢಿ ಹೆಬ್ಬೆರಳಿಗೆ ಆಗಬೇಕು. ಇಲ್ಲದ್ದನ್ನು ಕೊಟ್ಟರೆ, ಗುರಿಯಿಡುವವರೆಗೆ ಟ್ರಿಗರಿನಿಂದ ದೂರ ಇರುವ ರೂಢಿ ತೋರುಬೆರಳಿಗೆ ಆಗಬೇಕು. ಎರಡೂ ತರಬೇತಿಯ ಮಾತೇ. ಕೇಂದ್ರೀಯ ಪೊಲೀಸ್ ತರಬೇತಿ ಕಾಲೇಜು ಮೌಂಟ್ ಅಬುವಿನಲ್ಲಿ ಶುರುವಾದದ್ದು 1948ರ ಸೆಪ್ಟೆಂಬರ್ 15ರಂದು, ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಮುನ್ನಡೆಯುತ್ತಿದ್ದ ವಾರದಲ್ಲೇ. 1975ರಲ್ಲಿ ಸರ್ದಾರ್ ಪಟೇಲರ ಹೆಸರಿನ ಅಕಾಡೆಮಿಯಾಗಿ ಅದು ಹೈದರಾಬಾದಿಗೇ ಬಂತು. ಐಪಿಎಸ್ ಅಧಿಕಾರಿಗಳು ತರಬೇತಿ ಪಡೆಯುವುದು ಇಲ್ಲಿ. ಕೈಗೆ ಬಂದೂಕಿನ ರೂಢಿ ಆಗಿದೆಯೇ ಎಂದು ಮುಂದೆ ತಮ್ಮ ಠಾಣೆಗಳಲ್ಲಿ ನೋಡಿಕೊಳ್ಳಬೇಕಾದವರೂ ಇವರೇ.

2019ರಲ್ಲಿ ತಿದ್ದುಪಡಿಯಾದ ಶಸ್ತ್ರಾಸ್ತ್ರ ಕಾಯ್ದೆ, ದುಡುಕಿನಿಂದ ಇಲ್ಲವೇ ನಿರ್ಲಕ್ಷ್ಯದಿಂದ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆವಾಸ ಎನ್ನುತ್ತದೆ. ಕಾನೂನಿನ ವಾಕ್ಯದಲ್ಲಿ ಕರ್ತೃಪದ ಇದೆ. ನಮ್ಮ ಸುದ್ದಿಯಲ್ಲೂ ಇರಬಹುದು: ಕಾರಣ ತಿಳಿಯುವ ತನಕ ‘ಗುಂಡು ಹಾರಿ ಗಾಯ’ ಎಂದರೆ ಸಾಕು, ತನಿಖೆಯಾದ ಮೇಲೆ ಯಾರು ಏನನ್ನು ನೋಡದೆ ಟ್ರಿಗರ್ ಎಳೆದರು ಎಂದು ಬರೆಯಬಹುದು. ಹಾಗೆ ಬರೆದಾಗಲೇ ಅವರಿಗೆ ಕಲಿಸಿದವರು ಯಾರು, ಕೊನೆಯ ಸಲ ಅಭ್ಯಾಸ ಮಾಡಿಸಿದ್ದು ಯಾವಾಗ ಎಂದೂ ಕೇಳಲು ಸಾಧ್ಯ. ‘ಮಿಸ್‌ಫೈರ್’ ಎಂದುಬಿಟ್ಟರೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ.