ಶೈಕ್ಷಣಿಕ ಪ್ರಗತಿ ಒಪ್ಪಂದ

ಶೈಕ್ಷಣಿಕ ಪ್ರಗತಿ ಒಪ್ಪಂದ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಓದಿನಲ್ಲಿ ಹಿಂದುಳಿದ ವಿದ್ಯಾರ್ಥಿ ಹಾಗೂ ಕಾಲೇಜಿನ ನಡುವೆ ಆಗುವ ಲಿಖಿತ ಕರಾರು. ಫೆಡರಲ್ ನಿಯಮಗಳಲ್ಲಿ ಇದನ್ನು ಶೈಕ್ಷಣಿಕ ಯೋಜನೆ ಎಂದು ಕರೆಯಲಾಗಿದೆ. ಸರ್ಕಾರದ ಅನುದಾನ ಅಥವಾ ಸಾಲವನ್ನು ನೆಚ್ಚಿ ಓದುವವರ ವ್ಯಾಸಂಗವು ಅನೇಕ ವೇಳೆ ಇದನ್ನೇ ಅವಲಂಬಿಸಿರುತ್ತದೆ.

ಮಾನದಂಡಗಳು

1965ರ ಉನ್ನತ ಶಿಕ್ಷಣ ಕಾಯ್ದೆಯಡಿ ಪೆಲ್ ಅನುದಾನ, ನೇರ ಸಾಲ ಮುಂತಾದ ನೆರವು ಪಡೆಯುವವರು ತೃಪ್ತಿಕರ ಶೈಕ್ಷಣಿಕ ಪ್ರಗತಿಯನ್ನು ತೋರಬೇಕು. ಇದನ್ನು ಮೂರು ಬಗೆಯಲ್ಲಿ ಅಳೆಯಲಾಗುತ್ತದೆ.

• ದರ್ಜೆ: ಎರಡು ವರ್ಷಗಳಿಗಿಂತ ದೀರ್ಘವಾದ ಕೋರ್ಸಿನಲ್ಲಿ ಎರಡನೆಯ ವರ್ಷದ ಅಂತ್ಯಕ್ಕೆ ಸರಾಸರಿ ‘ಸಿ’ ದರ್ಜೆ ಅಥವಾ ಪದವಿ ಪಡೆಯಲು ತಕ್ಕ ಮಟ್ಟ ಇರಬೇಕು.
• ಗರಿಷ್ಠ ಮಿತಿ: ಪದವಿಗೆ ನಿಗದಿಯಾದ ಪ್ರಮಾಣದ ಶೇ. 150ರೊಳಗೆ ವ್ಯಾಸಂಗ ಮುಗಿಯಬೇಕು. 120 ಕ್ರೆಡಿಟ್‌ಗಳ ಪದವಿಗೆ ಈ ಮಿತಿ 180 ಕ್ರೆಡಿಟ್.
• ವೇಗ: ನೋಂದಾಯಿಸಿದ ಕ್ರೆಡಿಟ್‌ಗಳಲ್ಲಿ ಪೂರೈಸಿದವುಗಳ ಪ್ರಮಾಣ. ಮೇಲಿನ ಮಿತಿಗೆ ಹೊಂದುವಂತೆ ಅನೇಕ ಕಾಲೇಜುಗಳು ಶೇ. 67ನ್ನು ಕನಿಷ್ಠವೆಂದು ಗೊತ್ತುಮಾಡಿವೆ.

ಎಚ್ಚರಿಕೆ ಮತ್ತು ಮೇಲ್ಮನವಿ

ಪ್ರತಿ ಅವಧಿಯ ಕೊನೆಯಲ್ಲಿ ಪ್ರಗತಿಯನ್ನು ಪರಿಶೀಲಿಸುವ ಕಾಲೇಜುಗಳು ಮೊದಲ ಬಾರಿಗೆ ಎಚ್ಚರಿಕೆ ನೀಡಿ, ಮುಂದಿನ ಒಂದು ಅವಧಿಗೆ ನೆರವನ್ನು ಮುಂದುವರಿಸಬಹುದು. ಆಗಲೂ ಸುಧಾರಿಸದಿದ್ದರೆ ನೆರವು ನಿಲ್ಲುತ್ತದೆ. ಕಾಲೇಜಿನಲ್ಲಿ ಅವಕಾಶವಿದ್ದಲ್ಲಿ ವಿದ್ಯಾರ್ಥಿಯು ಬಂಧುವಿನ ಮರಣ, ಅನಾರೋಗ್ಯ, ಗಾಯ ಅಥವಾ ಇತರ ವಿಶೇಷ ಕಾರಣಗಳಿಗಾಗಿ ಮೇಲ್ಮನವಿ ಸಲ್ಲಿಸಬಹುದು. ಹಿಂದೆ ಬಿದ್ದದ್ದೇಕೆ, ಈಗ ಪರಿಸ್ಥಿತಿಯಲ್ಲಿ ಏನು ಬದಲಾಗಿದೆ ಎಂಬೆರಡನ್ನೂ ಅದರಲ್ಲಿ ವಿವರಿಸಬೇಕು.

ಒಪ್ಪಂದದ ಅಗತ್ಯ

ಮನವಿ ಪುರಸ್ಕೃತವಾದರೆ ಒಂದು ಅವಧಿಯ ಪ್ರೊಬೇಷನ್ ದೊರೆಯುತ್ತದೆ. ಆದರೆ ಎಲ್ಲರೂ ಅಷ್ಟರಲ್ಲೇ ಚೇತರಿಸಿಕೊಳ್ಳಲಾರರು. 60 ಕ್ರೆಡಿಟ್‌ಗಳಲ್ಲಿ 32ನ್ನು ಮಾತ್ರ ಪೂರೈಸಿದವರ ವೇಗ ಶೇ. 53. ಮುಂದಿನ ಸೆಮಿಸ್ಟರಿನಲ್ಲಿ ತೆಗೆದುಕೊಂಡ 15ನ್ನೂ ಪೂರೈಸಿದರೆ ಅದು ಸುಮಾರು ಶೇ. 63 ಆಗುತ್ತದೆ, ಇನ್ನೊಂದು ಸೆಮಿಸ್ಟರಿನಲ್ಲಿಯೂ ಹಾಗೆಯೇ ಮಾಡಿದರೆ ಸುಮಾರು ಶೇ. 69ಕ್ಕೆ ಏರುತ್ತದೆ. ಇಂಥವರಿಗಾಗಿಯೇ ಶೈಕ್ಷಣಿಕ ಯೋಜನೆಯ ಅವಕಾಶವಿದೆ. ಯೋಜನೆಯಂತೆ ನಡೆಯುವವರೆಗೆ, ಮೂಲ ಮಾನದಂಡವನ್ನು ಇನ್ನೂ ಮುಟ್ಟದಿದ್ದರೂ, ನೆರವು ಮುಂದುವರಿಯುತ್ತದೆ.

ಪ್ರತಿ ಸೆಮಿಸ್ಟರಿನಲ್ಲಿ ತೆಗೆದುಕೊಳ್ಳಬೇಕಾದ ವಿಷಯಗಳು, ಪಡೆಯಬೇಕಾದ ಕನಿಷ್ಠ ದರ್ಜೆ, ಸಲಹೆಗಾರರ ಭೇಟಿ ಮೊದಲಾದವು ಇಂಥ ಒಪ್ಪಂದಗಳಲ್ಲಿ ಸಾಮಾನ್ಯ. ಸಹಿ ಹಾಕುವ ಮುನ್ನ ಷರತ್ತುಗಳು ತನ್ನ ಶಕ್ತಿಗೆ ನಿಲುಕುತ್ತವೆಯೇ ಎಂದು ವಿದ್ಯಾರ್ಥಿ ಲೆಕ್ಕ ಹಾಕಿಕೊಳ್ಳಬೇಕಾಗುತ್ತದೆ. ವಿಷಯವೊಂದನ್ನು ನಡುವೆ ಕೈಬಿಟ್ಟರೂ ಅದು ಸಾಮಾನ್ಯವಾಗಿ ನೋಂದಾಯಿಸಿದ ಲೆಕ್ಕದಲ್ಲೇ ಉಳಿದು ವೇಗವನ್ನು ಕುಗ್ಗಿಸುತ್ತದೆ.

ಮಿತಿಗಳು

ನೆರವು ನಿಲ್ಲುವುದೂ ಕಾಲೇಜಿನಿಂದ ಹೊರಹಾಕುವುದೂ ಒಂದೇ ಅಲ್ಲ. ಸ್ವಂತ ಖರ್ಚಿನಿಂದ ಓದಿ ಮಾನದಂಡವನ್ನು ತಲುಪಿದವರು ಮತ್ತೆ ನೆರವಿಗೆ ಅರ್ಹರಾಗಬಹುದು. ವಿದ್ಯಾರ್ಥಿ ವೀಸಾದ ಮೇಲೆ ಭಾರತದಿಂದ ಹೋದವರಿಗೆ ಫೆಡರಲ್ ನೆರವು ದೊರೆಯುವುದಿಲ್ಲ. ಆದರೆ ಕಾಲೇಜಿನ ಸ್ವಂತ ಪ್ರಗತಿ ನಿಯಮಗಳು ಅವರಿಗೂ ಅನ್ವಯಿಸುತ್ತವೆ.