ಬಿ.ಸಿ. ರಮೇಶ್

ಬಿ.ಸಿ. ರಮೇಶ್ ಕರ್ನಾಟಕದ ಮಾಜಿ ಕಬಡ್ಡಿ ಆಟಗಾರ, ತರಬೇತುದಾರ. ಭಾರತ ತಂಡಕ್ಕೆ ಆಡಿದ ಇವರಿಗೆ 2001ನೇ ಸಾಲಿನ ಅರ್ಜುನ ಪ್ರಶಸ್ತಿ ಸಂದಿದೆ. ಆ ಕಾಲದಲ್ಲಿ ಕಬಡ್ಡಿ ಆಟಗಾರರ ಬದುಕಿಗೆ ಬ್ಯಾಂಕು, ರೈಲ್ವೆಯಂಥ ಸಂಸ್ಥೆಗಳ ನೌಕರಿಯೇ ಆಸರೆ. ಕೋಚ್ ಆಗಿಯೇ ಹೆಸರು ಮಾಡುವ ದಾರಿ ತೆರೆದದ್ದು 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ.

ಲೀಗಿನ ಪಂದ್ಯ 40 ನಿಮಿಷದ್ದು, ಒಂದು ದಾಳಿಗೆ 30 ಸೆಕೆಂಡು. ರೈಡರ್ ಗೆರೆ ದಾಟಿದ ಮೇಲೆ ನಿರ್ಧಾರವೆಲ್ಲ ಅವನದೇ. ಕೋಚ್ ಕೈಯಲ್ಲಿರುವುದು ಟೈಮ್‌ಔಟ್ ಮತ್ತು ಆಟಗಾರರ ಬದಲಾವಣೆ. ಊರುಗಳ ಮಣ್ಣಿನ ಅಂಕಣದ ಹುಡುಗರಿಗೆ ಅಂಥ ಹೊತ್ತಿನಲ್ಲಿ ದಾರಿ ಹೇಳುವವರು ಗೆರೆಯಾಚೆ ನಿಂತ ಹಿರಿಯ ಆಟಗಾರರು. ಅದೇ ಕೆಲಸವನ್ನು ರಮೇಶ್ ವೃತ್ತಿಯಾಗಿಸಿಕೊಂಡರು.

2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ 6ನೇ ಆವೃತ್ತಿ ಗೆದ್ದಾಗ ಅದರ ತರಬೇತಿ ಬಳಗದಲ್ಲಿದ್ದರು. ಅದೇ ವರ್ಷ ಬೆಂಗಾಲ್ ವಾರಿಯರ್ಸ್‌ನ ಹೊಣೆ ಹೊತ್ತರು. ಅಕ್ಟೋಬರ್ 19ರಂದು ಅಹಮದಾಬಾದಿನಲ್ಲಿ ನಡೆದ ಫೈನಲ್‌ಗೆ ನಾಯಕ ಮಣಿಂದರ್ ಸಿಂಗ್ ಗಾಯದಿಂದ ಇಳಿಯಲಿಲ್ಲ. ಇರಾನಿನ ಮೊಹಮ್ಮದ್ ನಬೀಬಖ್ಶ್ ತಂಡವನ್ನು ಮುನ್ನಡೆಸಿದರು. ದಬಂಗ್ ಡೆಲ್ಲಿಯ ನವೀನ್ ಕುಮಾರ್ ಒಬ್ಬರೇ 18 ಅಂಕ ತಂದರೂ, ಶುರುವಿನಲ್ಲಿ ಹಿಂದೆ ಬಿದ್ದಿದ್ದ ವಾರಿಯರ್ಸ್ 39-34ರಿಂದ ಗೆದ್ದಿತು. ರಮೇಶ್ ಅವರ ಕೋಚಿಂಗ್ ಅರಿಯಬೇಕಾದವರು ಮೊದಲು ನೋಡಬೇಕಾದ ಪಂದ್ಯವಿದು: ತಂಡದ ದೊಡ್ಡ ರೈಡರ್ ಇಲ್ಲದ ದಿನವೂ ಉಳಿದವರಿಗೆ ಕೆಲಸ ಗೊತ್ತಿತ್ತು.

ಆಮೇಲೆ ಪುಣೇರಿ ಪಲ್ಟನ್. 2022ರ ಡಿಸೆಂಬರಿನಲ್ಲಿ ಮುಂಬೈ ಫೈನಲ್ ಜೈಪುರ್ ಪಿಂಕ್ ಪ್ಯಾಂಥರ್ಸ್ ಪಾಲಾಯಿತು, 33-29. ಮರು ಆವೃತ್ತಿಯಲ್ಲಿ ಯುವಕ ಅಸ್ಲಂ ಇನಾಮದಾರ್ ನಾಯಕ, ಹಿಡಿತಕ್ಕೆ 2.35 ಕೋಟಿ ರೂಪಾಯಿಗೆ ಬಂದ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ. ಲೀಗ್ ಹಂತದ 22 ಪಂದ್ಯಗಳಲ್ಲಿ ಪಲ್ಟನ್ ಸೋತದ್ದು ಎರಡರಲ್ಲಿ ಮಾತ್ರ. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ 28-25ರಿಂದ ಗೆದ್ದು ಮೊದಲ ಪ್ರಶಸ್ತಿ ಪಡೆಯಿತು. ಫೈನಲ್‌ನಲ್ಲಿ ಎದುರಾಳಿಯನ್ನು 25ಕ್ಕೆ ಕಟ್ಟಿಹಾಕುವುದು ಸಣ್ಣ ಮಾತಲ್ಲ. ಆ ಗೆಲುವು ಹಿಡಿತಗಾರರದು.

11ನೇ ಆವೃತ್ತಿಯಲ್ಲಿ ಕೊನೆಯ ಸ್ಥಾನಕ್ಕೆ ಕುಸಿದಿದ್ದ ಬೆಂಗಳೂರು ಬುಲ್ಸ್ 2025ರಲ್ಲಿ ರಮೇಶ್ ಅವರನ್ನು ಮುಖ್ಯ ತರಬೇತುದಾರರಾಗಿ ಕರೆತಂದಿತು. ಆ ವರ್ಷ ತಂಡ ಪ್ಲೇ-ಆಫ್ ತಲುಪಿತು.