ತೊಡೆಮೂಳೆಯ ಎರಡು ಮೊಳೆಗಳು

ಹಿಮಾಯತ್‌ನಗರದ ನಮ್ಮ ಮನೆಗೆ ಬೀದರ್, ಕಲಬುರಗಿ ಕಡೆಯಿಂದ ಬರುವ ನೆಂಟರಲ್ಲಿ ಅನೇಕರು ಆಸ್ಪತ್ರೆಗೆಂದೇ ಬಂದವರು. ಪಂಜಗುಟ್ಟದ ನಿಮ್ಸ್ ಕೂಡ 1960ರ ದಶಕದಲ್ಲಿ ನಿಜಾಮರ ಮೂಳೆ ಆಸ್ಪತ್ರೆಯಾಗಿಯೇ ಶುರುವಾದದ್ದು. ನೆಂಟರು ‘ರಾಡ್’ ಎನ್ನುವ ಆ ಮೊಳೆಯ ಚರಿತ್ರೆಯನ್ನು ನಾನು ಹುಡುಕಿಕೊಂಡು ಹೋದದ್ದು ಅವರ ಎಕ್ಸ್‌ರೇಗಳಿಂದಲೇ.

ಹಿಂದೆಲ್ಲ ತೊಡೆ ಮುರಿದರೆ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುತ್ತಿದ್ದರು. ಸೊಂಟದ ಕೀಲಿನ ಬಳಿ ಮೂಳೆ ಸಣ್ಣಗಾಗುವ ಭಾಗ ‘ಕತ್ತು’. ಅದಕ್ಕೆ ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ 1931ರಲ್ಲಿ ಮೂರು ರೆಕ್ಕೆಯ ಮೊಳೆಯನ್ನು ಪ್ರಕಟಿಸಿದರು. ಕತ್ತಿನ ಕೆಳಗಿನ ಉದ್ದನೆಯ ಕಾಂಡದ ಪೊಳ್ಳಿಗೆ ಜರ್ಮನಿಯ ಕುಂಟ್ಷರ್ 1939ರಲ್ಲಿ ಉಕ್ಕಿನ ಮೊಳೆ ಇಳಿಸಿದರು. ಯುದ್ಧ ಮುಗಿಸಿ ಮರಳಿದ ಸೆರೆಯಾಳುಗಳ ತೊಡೆಯಲ್ಲಿ ಅದನ್ನು ಕಂಡು ಅಮೆರಿಕದ ವೈದ್ಯರು ಬೆರಗಾದರು. ಮೂಳೆ ಕುಗ್ಗದಂತೆ, ತಿರುಗದಂತೆ ಅಡ್ಡ ಸ್ಕ್ರೂ ಹಾಕುವ ಮೊಳೆ 1970ರ ದಶಕದಲ್ಲಿ ಬಳಕೆಗೆ ಬಂತು.

ವಾಹನಗಳು ಹೆಚ್ಚಿದಂತೆ ಎರಡೂ ಒಟ್ಟಿಗೆ ಮುರಿದವರು ಬರತೊಡಗಿದರು. ಮಂಡಿಗೆ ಬಿದ್ದ ಏಟು ಕಾಂಡ ಮುರಿದು, ಮೇಲೇರಿ ಕತ್ತನ್ನೂ ಸೀಳುತ್ತದೆ. ಒಂದೇ ಮೊಳೆಯ ಮೂಲಕ ಕತ್ತಿಗೂ ಸ್ಕ್ರೂ ಹಾಯಿಸುವುದು ಒಂದು ದಾರಿ. ಕತ್ತಿಗೆ ಬೇರೆ ಸ್ಕ್ರೂ, ಕಾಂಡಕ್ಕೆ ಮಂಡಿಯ ಕಡೆಯಿಂದ ಮೊಳೆ ಇನ್ನೊಂದು. ಯಾವುದು ಮೇಲೆಂಬ ವಾದ ಇನ್ನೂ ಇದೆ.

ವಾದವಿಲ್ಲದ ಮಾತು ಒಂದೇ. ತೊಡೆಯ ನೋವಿನಲ್ಲಿ ಕತ್ತಿನ ಸಣ್ಣ ಬಿರುಕು ಕಣ್ತಪ್ಪುತ್ತದೆ. ತಪ್ಪಿದರೆ ರಕ್ತ ಸಿಗದೆ ಮೂಳೆಯ ತಲೆಯೇ ಸಾಯಬಹುದು. ಮೊಳೆ ಯಾವುದಾದರೂ ಇರಲಿ, ತೊಡೆ ಮುರಿದಾಗ ಮೊದಲು ಸೊಂಟವನ್ನೂ ನೋಡಬೇಕು.